ಬನದ ಆಚೆ ಬದಿಯ ಡಿಶ್

ಎರಡು ಸಾವಿರದ ಹತ್ತೊಂಬತ್ತರಲ್ಲಿ ನಾನು ಮೂಡುಬಿದಿರೆಯಲ್ಲಿ ಡಿಶ್ ಅಂಗಡಿ ಇಟ್ಟುಕೊಂಡಿದ್ದೆ. ಇಸವಿಯನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವುಂಟು. ಗ್ರಾಹಕರು ತಮಗೆ ಬೇಕಾದ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿಕೊಳ್ಳಬೇಕೆಂಬ ಹೊಸ ನಿಯಮ ಜಾರಿಗೆ ಬಂದದ್ದು ಆ ವರ್ಷ. ಇಡೀ ದಿನ ಅಂಗಡಿಯಲ್ಲಿ ಜನ ನಿಂತಿರುತ್ತಿದ್ದರು, ನಾನು ಅವರ ಪರವಾಗಿ ಚಾನೆಲ್ ಆರಿಸುತ್ತಿದ್ದೆ. ನಿಯಮದ ನೆನಪಿಲ್ಲದಿದ್ದರೆ ಇಸವಿಯೂ ನನಗೆ ನೆನಪಿರುತ್ತಿರಲಿಲ್ಲ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಎರಡು ವರ್ಷ ಮಿಜಾರಿನ ಕಡೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದು, ಅದು ಕಾಯಂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಈ ವ್ಯಾಪಾರಕ್ಕೆ ಇಳಿದವನು ನಾನು. ಪಾಠ ಬಿಟ್ಟರೂ ಜನ ಮಾಸ್ಟ್ರು ಎಂದು ಕರೆಯುವುದನ್ನು ಬಿಡಲಿಲ್ಲ. ನನ್ನಲ್ಲಿ ಎರಡು ಮೂರು ಕಂಪನಿಗಳ ಸಂಪರ್ಕ ಸಿಗುತ್ತಿತ್ತು. ಆದ್ದರಿಂದ ಹೊಸ ಮನೆ ಕಟ್ಟಿದವರು ಬಂದು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಯಾವ ಕಂಪನಿ ಒಳ್ಳೆಯದು?"

ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿತ್ತು. ನಿಮಗೆ ಬೇಕಾದ ಭಾಷೆ ಯಾವುದು, ನಿಮ್ಮ ಊರಿಗೆ ರಿಪೇರಿಗೆ ಯಾರು ಬೇಗ ಬರುತ್ತಾರೆ, ನಿಮ್ಮ ಮನೆಯಿಂದ ಆಕಾಶದ ಯಾವ ಭಾಗ ಕಾಣಿಸುತ್ತದೆ, ಈ ಮೂರನ್ನು ನೋಡಿ ಆರಿಸಿ ಎನ್ನುತ್ತಿದ್ದೆ. ಮೂರನೆಯದನ್ನು ಕೇಳಿ ಹೆಚ್ಚಿನವರು ನಗುತ್ತಿದ್ದರು. ಆದರೆ ಅದು ತಮಾಷೆಯಲ್ಲ. ಒಂದೊಂದು ಕಂಪನಿಯ ಉಪಗ್ರಹ ಆಕಾಶದಲ್ಲಿ ಒಂದೊಂದು ಕಡೆ ನಿಂತಿರುತ್ತದೆ. ನಮ್ಮ ಜಿಲ್ಲೆಯಿಂದ ನೋಡಿದರೆ ಎಲ್ಲವೂ ಆಗ್ನೇಯದ ಕಡೆಗೇ, ಸಾಕಷ್ಟು ಎತ್ತರದಲ್ಲೇ. ಒಂದು ಸ್ವಲ್ಪ ಪೂರ್ವಕ್ಕೆ ವಾಲಿದ್ದರೆ ಇನ್ನೊಂದು ದಕ್ಷಿಣಕ್ಕೆ ಹತ್ತಿರ. ಡಿಶ್ ಮತ್ತು ಉಪಗ್ರಹದ ನಡುವೆ ಮರದ ಒಂದು ದಟ್ಟ ಗೆಲ್ಲು ಬಂದರೂ ಸಾಕು, ಟಿವಿಯಲ್ಲಿ 'ಸಿಗ್ನಲ್ ಇಲ್ಲ' ಎಂಬ ಬರಹ ಬರುತ್ತದೆ.

ನಾನು ಹೇಳಹೊರಟಿರುವ ಪ್ರಕರಣದಲ್ಲಿ ಮೂರು ಪ್ರಶ್ನೆಗಳಿಗೂ ಸರಿಯಾದ ಉತ್ತರ ಸಿಕ್ಕಿತ್ತು. ಆದರೂ ಸಂಪರ್ಕ ಕೊಡಲು ಎಂಟು ಹತ್ತು ದಿನ ಹಿಡಿಯಿತು. ನಾನು ದಿನಚರಿ ಬರೆಯುವವನು. ಆ ವಾರದ ಪುಟಗಳಲ್ಲಿ ಇರುವುದು 'ವೇಣೂರು. ಮರ ಅಡ್ಡ' ಎಂಬಂಥ ತುಂಡು ಸಾಲುಗಳು ಮಾತ್ರ. ಉಳಿದದ್ದು ನೆನಪಿನಿಂದ ಬರೆದದ್ದು. ಮಾತುಕತೆ ನಡೆದದ್ದು ತುಳುವಿನಲ್ಲಿ; ನಾನದನ್ನು ಕನ್ನಡಕ್ಕೆ ತಂದಿದ್ದೇನೆ. ಅಷ್ಟರ ಮಟ್ಟಿಗೆ ಇಲ್ಲಿನ ಮಾತುಗಳು ಅವರವಲ್ಲ, ನನ್ನವು.

ಜಗದೀಶ ಅಂಗಡಿಗೆ ಬಂದದ್ದು ಒಂದು ಸೋಮವಾರ ಇರಬೇಕು. ಮೂಡುಬಿದಿರೆಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದವರು. ವೇಣೂರಿನ ಹತ್ತಿರ, ಪಾಲಿನಲ್ಲಿ ಬಂದ ಜಾಗದಲ್ಲಿ ಹೊಸ ಮನೆ ಕಟ್ಟಿದ್ದರು. ಮುಂದಿನ ವಾರದ ಗುರುವಾರ ಮನೆ ಒಕ್ಕಲು, ಎಂದರೆ ಗೃಹಪ್ರವೇಶ. ಕೇಬಲ್‌ನವರ ತಂತಿ ಆ ದಾರಿಗೆ ಬಂದಿರಲಿಲ್ಲ, ಫೈಬರ್ ಇಂಟರ್ನೆಟ್ಟಿನ ಮಾತೇ ಇರಲಿಲ್ಲ. ಡಿಶ್ ಒಂದೇ ಗತಿ.

ಯಾವ ಕಂಪನಿ ಎಂದು ಅವರು ಕೇಳಲಿಲ್ಲ. ಅದನ್ನು ನಿರ್ಧರಿಸಿಕೊಂಡೇ ಬಂದಿದ್ದರು. ಅವರು ಹೇಳಿದ ಕಂಪನಿಯನ್ನು ಇಲ್ಲಿ ಮೊದಲನೆಯದು ಎಂದು ಕರೆಯುತ್ತೇನೆ.

"ಅಮ್ಮನಿಗೆ ಕಣ್ಣು ಕಾಣುದಿಲ್ಲ ಸರ್. ಬೆಳಕು ಮಾತ್ರ ಗೊತ್ತಾಗ್ತದೆ," ಎಂದರು. "ಅಣ್ಣನ ಮನೆಯಲ್ಲಿ ಆ ಕಂಪನಿದೇ ಉಂಟು, ನೀವೇ ಹಾಕಿದ್ದು. ಅದರ ನಂಬರು ಎಲ್ಲ ಅಮ್ಮನಿಗೆ ಬೆರಳಲ್ಲಿ ಉಂಟು. ಬೇರೆ ಕಂಪನಿ ಹಾಕಿದ್ರೆ ನಂಬರೂ ಬೇರೆ, ರಿಮೋಟೂ ಬೇರೆ. ಹಗಲು ನಾನು ಹೋಟ್ಲಲ್ಲಿ, ಹೆಂಡತಿ ಶಾಲೆಯಲ್ಲಿ. ಒಂದು ಯಕ್ಷಗಾನ ಕೇಳ್ಬೇಕಾದ್ರೂ ಅವರು ಯಾರನ್ನಾದ್ರೂ ಕಾಯ್ಬೇಕು."

ಅವರ ತಾಯಿ ಗುಲಾಬಿಯಕ್ಕನನ್ನು ನಾನು ಬಲ್ಲೆ. ದೊಡ್ಡ ಮಗ ವಸಂತಣ್ಣನ ಮನೆಯಲ್ಲಿದ್ದರು. ಟಿವಿಯನ್ನು ರೇಡಿಯೋದ ಹಾಗೆ ಕೇಳುವವರು. ಹೊಸ ಮನೆ ಆದ ಮೇಲೆ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ತಾವೇ ನಿರ್ಣಯ ಮಾಡಿದ್ದರಂತೆ. ಗ್ರಾಹಕನೊಬ್ಬ ಇಷ್ಟು ಒಳ್ಳೆಯ ಕಾರಣ ಕೊಟ್ಟು ಕಂಪನಿ ಆರಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮರುದಿನವೇ ಬರುತ್ತೇನೆ ಎಂದೆ.

ನನ್ನ ಜೊತೆ ಡಿಶ್ ಕೂರಿಸುವ ಕೆಲಸ ಮಾಡುತ್ತಿದ್ದವನು ಲಾರೆನ್ಸ್. ಏಣಿ ಹತ್ತಿದ ಮೇಲೆ ಅವನ ಬಾಯಿ ನಿಲ್ಲುವುದಿಲ್ಲ. ಅಂದು ತಾರಸಿ ಹತ್ತಿ, ದಿಕ್ಕು ನೋಡಿ, ಅವನು ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ಕರೆದ.

"ಸರ್, ಮೇಲೆ ಬನ್ನಿ. ಇದು ನಮ್ಮ ಕೈಯಲ್ಲಿ ಇಲ್ಲ."

ಮನೆಯ ಪೂರ್ವಕ್ಕೆ, ಗೋಡೆಗೆ ತಾಗಿದಂತೆಯೇ, ಕುಟುಂಬದ ನಾಗಬನ. ಹಳೆಯ ಹಾಲೆ ಮರಗಳು ಮನೆಗಿಂತ ಮೂರು ಪಾಲು ಎತ್ತರಕ್ಕೆ ಬೆಳೆದು ತಾರಸಿಯ ಅರ್ಧಕ್ಕೆ ನೆರಳು ಹಾಕಿದ್ದವು. ಮೊದಲನೆಯ ಕಂಪನಿಯ ಉಪಗ್ರಹ ಸರಿಯಾಗಿ ಆ ಗೆಲ್ಲುಗಳ ಹಿಂದೆ. ಸಿಗ್ನಲ್ ಅಳೆಯುವ ಮೀಟರು ಹಿಡಿದುಕೊಂಡು ತಾರಸಿಯ ನಾಲ್ಕು ಮೂಲೆಗೂ ಹೋದೆವು, ಮುಳ್ಳು ಏಳಲಿಲ್ಲ. ಉತ್ತರದ ಅಂಗಳದಲ್ಲಿ ಕಂಬ ನೆಟ್ಟು ನೋಡುವ ಎಂದರೆ ಅಲ್ಲಿ ಮೇಲೆ ವಿದ್ಯುತ್ ತಂತಿ. ಹಿಂಬದಿಯಲ್ಲಿ ಕಡಿದಾದ ಮಣ್ಣಿನ ದರೆ, ಅದರ ಆಚೆ ಬೇರೆಯವರ ಜಾಗ. ಎರಡನೆಯ ಕಂಪನಿಯ ಉಪಗ್ರಹ ಮಾತ್ರ ಇನ್ನಷ್ಟು ದಕ್ಷಿಣಕ್ಕೆ, ಇನ್ನಷ್ಟು ಮೇಲೆ. ಅತ್ತ ಮೀಟರು ತಿರುಗಿಸಿದ ಕೂಡಲೇ ಸಿಗ್ನಲ್ ತುಂಬಿ ಬಂತು.

ಜಗದೀಶರು ಕೆಳಗಿನಿಂದ ಕೇಳಿದರು: "ಒಂದು ಗೆಲ್ಲು ತೆಗೆದ್ರೆ ಆಗ್ತದಾ?"

ಲಾರೆನ್ಸ್ ನನ್ನ ಮುಖ ನೋಡಿದ. "ತೆಗೆಯುವವರು ಯಾರು ಸರ್? ನೀವಾ, ನಾನಾ?"

ನಮ್ಮಲ್ಲಿ ಬನದ ಮರಕ್ಕೆ ಯಾರೂ ಕತ್ತಿ ಹಾಕುವುದಿಲ್ಲ. ಬಿದ್ದ ಕಟ್ಟಿಗೆಯನ್ನು ಕೂಡ ಒಲೆಗೆ ತರುವುದಿಲ್ಲ. ತರಗತಿಯಲ್ಲಿ ಮಕ್ಕಳಿಗೆ ವಿದ್ಯುತ್ಕಾಂತೀಯ ಅಲೆಗಳ ಪಾಠ ಮಾಡಿದ ನಾನೂ ಆ ಗೆಲ್ಲನ್ನು ಕಡಿಯುತ್ತಿರಲಿಲ್ಲ. ಅದು ನಂಬಿಕೆಯೋ ಹೆದರಿಕೆಯೋ ಊರಿನ ಮರ್ಯಾದೆಯೋ ಎಂದು ನಾನು ನನ್ನನ್ನೇ ಹಲವು ಬಾರಿ ಕೇಳಿಕೊಂಡಿದ್ದೇನೆ. ಉತ್ತರ ಒಂದೊಂದು ಸಲ ಒಂದೊಂದು. ಕಡಿಯುವುದಿಲ್ಲ ಎಂಬುದು ಮಾತ್ರ ಪ್ರತಿ ಸಲವೂ ಅದೇ. ಜಗದೀಶರೂ ಕೇಳಿದ ಮರುಕ್ಷಣ ತಾವೇ ಹೇಳಿದರು: "ಬೇಡ, ಬೇಡ. ಬಾಯಿಗೆ ಬಂತು, ಹೇಳಿದೆ."

ಇನ್ನೊಂದು ದಾರಿಯಿತ್ತು. ವಸಂತಣ್ಣನ ಮನೆ ಬನದ ಆಚೆ ಬದಿಯಲ್ಲಿ. ಆ ಮನೆಯ ಎದುರು ಗದ್ದೆ, ಆಕಾಶ ಪೂರ್ತಿ ತೆರೆದಿದೆ. ಅವರ ಅಂಗಳದ ತುದಿಯಲ್ಲಿ ಒಂದು ಕಂಬ ನೆಟ್ಟು ಡಿಶ್ ಕೂರಿಸಿ, ಬನವನ್ನು ಬಳಸಿ ಕೇಬಲ್ ಎಳೆದರೆ ಮೊದಲನೆಯ ಕಂಪನಿಯೇ ಬರುತ್ತದೆ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ, ಆದರೆ ನಡುವೆ ಒಂದು ಆ್ಯಂಪ್ಲಿಫೈಯರ್ ಹಾಕಿದರೆ ಸಾಕು. ನಾನಿದನ್ನು ಹೇಳಿದಾಗ ಜಗದೀಶರ ಮುಖ ಗಟ್ಟಿಯಾಯಿತು.

"ಅಲ್ಲಿ ಕೇಳ್ಲಿಕ್ಕೆ ನಾನು ಹೋಗುದಿಲ್ಲ ಸರ್. ಬೇಕಾದ್ರೆ ನೀವು ಕೇಳಿ."

ಅಣ್ಣ ತಮ್ಮಂದಿರು ಮಾತು ಬಿಟ್ಟು ಒಂದೂವರೆ ವರ್ಷವಾಗಿತ್ತು. ಪಾಲಿನ ಸಮಯದಲ್ಲಿ ದಾರಿಯ ವಿಷಯಕ್ಕೆ ಬಂದ ಮಾತು. ಪಾಲು ಮುಗಿಯಿತು, ಮಾತು ಮುಗಿಯಲಿಲ್ಲ. ನಾಗರಪಂಚಮಿಯಂದು ಒಬ್ಬರು ಬನಕ್ಕೆ ಹಾಲೆರೆದು ಹೋದ ಮೇಲೆ ಇನ್ನೊಬ್ಬರು ಬರುತ್ತಿದ್ದರಂತೆ. ಅರ್ಚಕರಿಗೆ ಎರಡು ಸಲ ನಿಲ್ಲುವ ಕೆಲಸ.

ಮರುದಿನ ನಾನು ವಸಂತಣ್ಣನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಪಂಪಿನ ಸ್ಟಾರ್ಟರು ಬಿಚ್ಚಿಟ್ಟುಕೊಂಡು ಕುಳಿತಿದ್ದರು. ಕಂಬದ ವಿಷಯ ಹೇಳಿದೆ. ಸ್ಕ್ರೂಡ್ರೈವರ್ ಕೆಳಗಿಡದೆ ಕೇಳಿಸಿಕೊಂಡರು.

"ನಿಮ್ಮನ್ನು ಕಳಿಸಿದ್ದಾ?"

"ಹೌದು ಅಂತ ಇಟ್ಟುಕೊಳ್ಳಿ."

"ಅವನಿಗೆ ಬಾಯಿ ಇಲ್ವಾ? ಮನೆ ಒಕ್ಕಲಿನ ಕಾಗದವನ್ನೂ ಅಮ್ಮನ ಕೈಯಲ್ಲಿ ಕಳಿಸಿದ್ದಾನೆ. ನಾನೆಂತ ದೂರದ ಸಂಬಂಧವಾ, ಕಾಗದ ನೋಡಿ ಊಟಕ್ಕೆ ಹೋಗ್ಲಿಕ್ಕೆ?"

ನಮ್ಮ ಕಡೆ ಹತ್ತಿರದವರನ್ನು ಕರೆಯುವುದೆಂದರೆ ಮನೆಗೆ ಹೋಗಿ, ಎಲೆ ಅಡಿಕೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಅಚ್ಚು ಹಾಕಿಸಿದ ಕಾಗದ ಅದಕ್ಕೆ ಬದಲಾಗುವುದಿಲ್ಲ. ಅಣ್ಣನನ್ನು ಹಾಗೆ ಕರೆದಿಲ್ಲ ಎಂದರೆ ಕರೆದಿಲ್ಲ ಎಂದೇ ಅರ್ಥ. ನಾನು ಕಂಬದ ಮಾತನ್ನು ಅಲ್ಲಿಗೇ ಬಿಟ್ಟೆ.

ಇನ್ನುಳಿದದ್ದು ಎರಡನೆಯ ಕಂಪನಿ. ಅದನ್ನೇ ಹಾಕಿ, ಅದರ ನಂಬರುಗಳನ್ನು ಗುಲಾಬಿಯಕ್ಕನಿಗೆ ಕಲಿಸಲು ಸಾಧ್ಯವೇ ಎಂದು ನೋಡಬೇಕಿತ್ತು. ಚೀಲದಲ್ಲಿ ಅದರ ಒಂದು ರಿಮೋಟು ಹಾಕಿಕೊಂಡೇ ಹೋಗಿದ್ದೆ. ಅಮ್ಮನ ಹತ್ತಿರ ಮಾತಾಡಬಹುದೇ ಎಂದಾಗ ವಸಂತಣ್ಣ, "ಒಳಗೆ ಇದ್ದಾರೆ, ಹೋಗಿ. ನಿಮ್ಮ ಸ್ವರ ಕೇಳಿ ಆಗ್ಲೇ ಕಾಯ್ತಾ ಇರ್ಬಹುದು," ಎಂದರು.

ಗುಲಾಬಿಯಕ್ಕ ಟಿವಿಯ ಎದುರಿನ ಬೆಂಚಿನಲ್ಲಿ ಕುಳಿತಿದ್ದರು. ಯಾವುದೋ ತಾಳಮದ್ದಳೆ ನಡೆಯುತ್ತಿತ್ತು. ನನ್ನ ಹೆಜ್ಜೆ ಕೇಳಿ ಸದ್ದು ಕಡಿಮೆ ಮಾಡಿದರು.

"ಎಂತ ಮಾಸ್ಟ್ರೇ, ಹೊಸ ಮನೆಯಲ್ಲಿ ಟಿವಿ ಬರುದಿಲ್ಲಂತೆ?"

"ಬರ್ತದೆ ಗುಲಾಬಿಯಕ್ಕ. ಕಂಪನಿ ಬೇರೆ ಆಗ್ತದೆ. ರಿಮೋಟು ಹೀಗೆ ಉಂಟು, ನೋಡಿ." ಕಣ್ಣಿಲ್ಲದವರಿಗೆ ನೋಡಿ ಎಂದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕು ಕೈ ಚಾಚಿದರು.

ರಿಮೋಟುಗಳಲ್ಲಿ ಐದರ ಗುಂಡಿಯ ಮೇಲೆ ಸಣ್ಣ ಚುಕ್ಕೆಯಂಥ ಉಬ್ಬು ಇರುತ್ತದೆ. ಅವರ ಹೆಬ್ಬೆರಳು ಮೊದಲು ಹುಡುಕಿದ್ದು ಅದನ್ನು. ಸಿಕ್ಕಿತು. ಅಲ್ಲಿಂದ ಮೇಲೆ, ಕೆಳಗೆ, ಆಚೆ ಈಚೆ ಬೆರಳಾಡಿಸಿದರು. ಇದು ಸದ್ದು ಹೆಚ್ಚು ಮಾಡುವುದಾ, ಇದು ಬಂದ್ ಮಾಡುವುದಾ ಎಂದು ಕೇಳಿದರು. ನಾನು ಅವರು ಕೇಳುವ ಚಾನೆಲ್‌ಗಳ ಹೊಸ ನಂಬರುಗಳನ್ನು ನಿಧಾನವಾಗಿ ಹೇಳಿದೆ. ಒಟ್ಟು ಐದಾರು ಇರಬೇಕು. ಒಮ್ಮೆ ಹೇಳಿಸಿಕೊಂಡರು, ಇನ್ನೊಮ್ಮೆ ತಾವೇ ಹೇಳಿದರು. ಆಮೇಲೆ ನಾನು ಚಾನೆಲ್ ಹೆಸರು ಹೇಳುತ್ತಾ ಹೋದೆ, ಅವರು ಗುಂಡಿ ಒತ್ತುತ್ತಾ ಹೋದರು. ನಾನು ಬೆರಳನ್ನೇ ನೋಡುತ್ತಿದ್ದೆ. ಒಂದೂ ತಪ್ಪಲಿಲ್ಲ.

"ಇಷ್ಟು ಬೇಗ ಹೇಗೆ?" ಎಂದೆ.

"ಬೀಡಿ ಕಟ್ಟಿದ ಕೈ ಅಲ್ವಾ. ಸಂಜೆ ಕರೆಂಟು ಹೋದ್ರೆ ಕಟ್ಟು ಎಣಿಸುದು ನಿಲ್ತದಾ?" ಎಂದರು.

ನನಗೆ ದೊಡ್ಡ ಭಾರ ಇಳಿದಂತಾಯಿತು. ಕೂಡಲೇ ಜಗದೀಶರಿಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದೆ. ಗುಲಾಬಿಯಕ್ಕನಿಗೆ ಅದು ಹೇಗೆ ಗೊತ್ತಾಯಿತೋ.

"ಯಾರಿಗೆ ಫೋನು?"

"ಜಗದೀಶರಿಗೆ. ನಿಮಗೆ ಈ ಕಂಪನಿ ಆಗ್ತದೆ ಅಂತ ಹೇಳ್ತೇನೆ."

"ಹೇಳ್ಬೇಡಿ."

"ಯಾಕೆ? ನಿಮಗೆ ಆಗ್ತದಲ್ಲ?"

"ಆಗ್ತದೆ. ಅದಕ್ಕೇ ಹೇಳ್ಬೇಡಿ ಅಂದದ್ದು." ಅವರು ಸ್ವರ ತಗ್ಗಿಸಿದರು. ಜಗಲಿಯಲ್ಲಿ ಸ್ಕ್ರೂಡ್ರೈವರಿನ ಸದ್ದು ನಡೆಯುತ್ತಲೇ ಇತ್ತು. "ಇದು ಆಗ್ತದೆ ಅಂತ ಗೊತ್ತಾದ್ರೆ ಅವ ನಾಳೆಯೇ ಡಿಶ್ ಕೂರಿಸ್ತಾನೆ. ಮತ್ತೆ ಇಲ್ಲಿಗೆ ಬರ್ಲಿಕ್ಕೆ ಅವನಿಗೆ ಎಂತ ಕಾರಣ ಉಂಟು? ಅಣ್ಣ ಇಲ್ಲದೆ ಮನೆ ಒಕ್ಕಲು ಆಗಿ ಹೋಗ್ತದೆ. ಒಮ್ಮೆ ಹಾಗೆ ಆಗಿ ಹೋಯ್ತು ಅಂದ್ರೆ ಮತ್ತೆ ಇವರಿಬ್ಬರೂ ಸೇರುವುದು ನನ್ನ ಬೊಜ್ಜಕ್ಕೇ."

ಬೊಜ್ಜವೆಂದರೆ ಸತ್ತವರ ಹೆಸರಿನಲ್ಲಿ ನಡೆಸುವ ಊಟದ ದಿನ. ಅವರು ಅದನ್ನು ಅಂಗಡಿಗೆ ಹೋಗಿ ಬರುವ ವಿಷಯದಂತೆ ಹೇಳಿದರು.

"ಹಾಗಾದ್ರೆ ನಾನು ಎಂತ ಹೇಳ್ಬೇಕು?"

"ಅಮ್ಮನಿಗೆ ಹಳೆ ಕಂಪನಿಯೇ ಬೇಕಂತೆ ಅಂತ ಹೇಳಿ. ಬೇಕು ಅಂತ ನಾನೇ ಹೇಳ್ತಾ ಇದ್ದೇನಲ್ಲ? ಸುಳ್ಳೆಂತ ಉಂಟು ಅದರಲ್ಲಿ?"

ರಿಮೋಟನ್ನು ನನ್ನ ಕೈಗೆ ಕೊಟ್ಟು, ತಾಳಮದ್ದಳೆಯ ಸದ್ದು ಮತ್ತೆ ಹೆಚ್ಚು ಮಾಡಿದರು.

ಆ ದಿನ ವೇಣೂರಿನಿಂದ ಮೂಡುಬಿದಿರೆಗೆ ಬರುವ ದಾರಿಯಲ್ಲಿ ನಾನು ಲೆಕ್ಕ ಹಾಕಿದ್ದು ಇದನ್ನೇ. ಗ್ರಾಹಕ ಜಗದೀಶರು. ಅವರು ನನ್ನಲ್ಲಿ ಕೇಳಿರುವುದು ತಾಂತ್ರಿಕ ಸಲಹೆ. ಸರಿಯಾದ ಸಲಹೆ ಎಂದರೆ ಎರಡನೆಯ ಕಂಪನಿ: ಮನೆಯ ಮೇಲೆಯೇ ಡಿಶ್, ಉದ್ದ ಕೇಬಲ್ ಇಲ್ಲ, ಯಾರ ಅನುಮತಿಯೂ ಬೇಡ, ತಾಯಿಗೆ ಕಲಿಯಲು ಕಷ್ಟವೂ ಇಲ್ಲ. ಇದನ್ನು ಮುಚ್ಚಿಡುವ ಹಕ್ಕು ನನಗೆಲ್ಲಿಂದ ಬಂತು? ಇನ್ನೊಂದು ಕಡೆಯಿಂದ ನೋಡಿದರೆ, ಟಿವಿ ಕೇಳುವವರು ಗುಲಾಬಿಯಕ್ಕ. ತಮಗೆ ಯಾವ ಕಂಪನಿ ಬೇಕೆಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಕಾರಣ ಏನೇ ಇರಲಿ, ಕಾರಣ ಕೇಳುವುದು ಅಂಗಡಿಯವನ ಕೆಲಸವೇ? ಎರಡೂ ವಾದ ಸರಿ ಎನ್ನಿಸಿತು. ಎರಡೂ ಸರಿ ಎನ್ನಿಸಿದಾಗ ನಾನು ನನಗೆ ಅನುಕೂಲವಾದದ್ದನ್ನು ಆರಿಸುತ್ತೇನೆ ಎಂಬುದು ನನಗೆ ಗೊತ್ತು. ಆದರೆ ಈ ಸಲ ಅನುಕೂಲವಾದದ್ದು ಯಾವುದೆಂದೇ ತಿಳಿಯಲಿಲ್ಲ.

ಸಂಜೆ ಜಗದೀಶರು ಅಂಗಡಿಗೆ ಬಂದರು. "ಎಂತಾಯ್ತು ಸರ್? ಅಮ್ಮನಿಗೆ ಆ ರಿಮೋಟು ಆಗ್ತದಾ?"

ನಾನು ಕೊಟ್ಟ ಉತ್ತರ ನನ್ನ ನೆನಪಿನಲ್ಲಿ ಹೀಗಿದೆ: "ಅಮ್ಮನಿಗೆ ಹಳೆಯ ಕಂಪನಿಯೇ ಬೇಕಂತೆ. ನಿಮ್ಮ ಅಣ್ಣ ನೀವೇ ಬಂದು ಕೇಳ್ಬೇಕು ಅಂತಾರೆ." ಅಂದು ಪಕ್ಕದಲ್ಲೇ ಕೇಬಲ್ ಸುತ್ತುತ್ತಿದ್ದ ಲಾರೆನ್ಸ್‌ನ ನೆನಪು ಬೇರೆ. ನಾನು ನೇರವಾಗಿ "ಆಗುದಿಲ್ಲ" ಎಂದೆ ಎಂದು ಅವನು ಇಂದಿಗೂ ಹೇಳುತ್ತಾನೆ. ಅವನಿಗೆ ಸುಳ್ಳು ಹೇಳುವ ಕಾರಣವಿಲ್ಲ. ನನಗೆ ನನ್ನ ನೆನಪನ್ನು ಸ್ವಲ್ಪ ಚೊಕ್ಕ ಮಾಡಿಕೊಳ್ಳುವ ಕಾರಣವಿದೆ. ಆದ್ದರಿಂದ ಓದುವವರು ಅವನ ಮಾತನ್ನು ನಂಬಿದರೆ ನನ್ನ ಆಕ್ಷೇಪವಿಲ್ಲ.

ಜಗದೀಶರು ಷೋಕೇಸಿನಲ್ಲಿದ್ದ ರಿಮೋಟುಗಳನ್ನು ನೋಡುತ್ತಾ ನಿಂತರು. ಕೊನೆಗೆ, "ನೀವೂ ಜೊತೆಗೆ ಬರ್ತೀರಾ? ಡಿಶ್ಶಿನ ವಿಷಯ ಹೇಳ್ಲಿಕ್ಕೆ ಒಬ್ಬರು ಬೇಕಲ್ಲ," ಎಂದರು.

ಹೋದದ್ದು ಭಾನುವಾರ ಬೆಳಿಗ್ಗೆ. ಲಾರೆನ್ಸ್ ಚರ್ಚಿನ ಪೂಜೆ ಮುಗಿಸಿ ಇಗರ್ಜಿಯ ಬಟ್ಟೆಯಲ್ಲೇ ಬಂದಿದ್ದ, ಅದಕ್ಕೇ ಭಾನುವಾರ ಎಂದು ನೆನಪು. ನಾವು ಅಂಗಳಕ್ಕೆ ಇಳಿದಾಗ ವಸಂತಣ್ಣ ಜಗಲಿಯಲ್ಲಿದ್ದರು. ಜಗದೀಶರು ಅಂಗಳದ ನಡುವೆ ನಿಂತರು. ತಾವು ಹುಟ್ಟಿ ಬೆಳೆದ ಮನೆಯ ಮೆಟ್ಟಿಲು ಹತ್ತಲು ಅವರಿಗೆ ಕಾಲು ಬರಲಿಲ್ಲ. ಯಾರೂ ಬನ್ನಿ ಎನ್ನಲಿಲ್ಲ, ಯಾರೂ ಹೋಗಿ ಎನ್ನಲಿಲ್ಲ. ಒಳಗಿನಿಂದ ಟಿವಿಯ ಸದ್ದು ನಿಂತಿತು.

"ಯಾರು ಬಂದದ್ದು?" ಗುಲಾಬಿಯಕ್ಕನ ಸ್ವರ. ಅವರಿಗೆ ಗೊತ್ತಿತ್ತು.

"ಮಾಸ್ಟ್ರು," ಎಂದರು ವಸಂತಣ್ಣ. ಸ್ವಲ್ಪ ತಡೆದು, "ಮತ್ತೆ ಇನ್ನೊಬ್ಬ."

"ಬಂದವರಿಗೆ ನೀರು ಕೊಡು."

ವಸಂತಣ್ಣ ಒಳಗೆ ಹೋಗಿ ಬೆಲ್ಲದ ತಟ್ಟೆಯನ್ನೂ ನೀರಿನ ಚೆಂಬನ್ನೂ ತಂದು ಜಗಲಿಯ ಅಂಚಿನಲ್ಲಿಟ್ಟರು. ಮನೆಗೆ ಬಂದ ಅತಿಥಿಗಳಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕ್ರಮ. ನಾನೂ ಲಾರೆನ್ಸನೂ ತೆಗೆದುಕೊಂಡೆವು. ತಟ್ಟೆ ತಮ್ಮನ ಕಡೆಗೂ ಹೋಯಿತು. ಜಗದೀಶರು ಅದನ್ನು ನೋಡಿದರು.

"ನನಗೆ ಯಾಕೆ ಬೆಲ್ಲ? ನಾನೆಂತ ನೆಂಟನಾ?"

"ಒಂದೂವರೆ ವರ್ಷ ಬಾರದವ ನೆಂಟನೇ."

ಲಾರೆನ್ಸ್ ಕೆಮ್ಮಿದ. ನಗು ತಡೆಯಲು ಅವನು ಕೆಮ್ಮುತ್ತಾನೆಂದು ನನಗೆ ಗೊತ್ತು. ಜಗದೀಶರು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ಚೆಂಬೆತ್ತಿ ನೀರು ಕುಡಿದು, ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಕುಳಿತರು. ಅಣ್ಣನ ಪಕ್ಕಕ್ಕಲ್ಲ, ಕಂಬದ ಆಚೆ.

"ಡಿಶ್ಶಿನ ವಿಷಯ," ಎಂದರು.

"ಮಾಸ್ಟ್ರು ಹೇಳಿದ್ದಾರೆ."

"ಅಮ್ಮನಿಗೆ ಬೇಕಾಗಿ."

"ಅಮ್ಮನಿಗಾದ್ರೆ ನನ್ನಲ್ಲಿ ಕೇಳುದೆಂತ? ಅವರೆಂತ ನಿನಗೆ ಮಾತ್ರ ಅಮ್ಮನಾ?" ವಸಂತಣ್ಣ ನನ್ನ ಕಡೆ ತಿರುಗಿದರು. "ಅಲ್ಲ ಮಾಸ್ಟ್ರೇ, ಬೇರೆ ಕಂಬ ಯಾಕೆ? ಇಲ್ಲಿ ಒಂದು ಡಿಶ್ ಉಂಟಲ್ಲ. ಅದರಿಂದಲೇ ಎಳೀಲಿಕ್ಕೆ ಆಗುದಿಲ್ವಾ?"

ಆಗುತ್ತದೆ. ಡಿಶ್ಶಿನ ಎದುರು ಕೋಲಿನ ತುದಿಯಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ, ಅದಕ್ಕೆ ಎಲ್‌ಎನ್‌ಬಿ ಎನ್ನುತ್ತಾರೆ. ತಟ್ಟೆಗೆ ಬಡಿದು ಬಂದ ಅಲೆಗಳನ್ನು ಹಿಡಿದು ಕೇಬಲ್ಲಿಗೆ ಇಳಿಸುವುದು ಅದು. ಎರಡು ಬಾಯಿಯ ಎಲ್‌ಎನ್‌ಬಿ ಹಾಕಿದರೆ ಒಂದೇ ಡಿಶ್ಶಿನಿಂದ ಎರಡು ಮನೆಗೆ ಬೇರೆ ಬೇರೆ ಕೇಬಲ್ ಕೊಡಬಹುದು. ಒಬ್ಬರು ನೋಡುವುದು ಇನ್ನೊಬ್ಬರಿಗೆ ಅಡ್ಡಿಯಾಗುವುದಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದ ವಿಷಯ. ಮಾತು ಬಿಟ್ಟವರ ನಡುವೆ ಒಂದೇ ಡಿಶ್ ಎಂದು ಹೇಳುವ ಧೈರ್ಯ ಬಂದಿರಲಿಲ್ಲ, ಅಷ್ಟೆ. ಈಗ ವಿವರಿಸಿದೆ.

"ಒಂದೇ ಕೊಡೆ, ಎರಡು ಮನೆ," ಎಂದ ಲಾರೆನ್ಸ್. "ನಮಗೆ ಒಂದು ಡಿಶ್ಶಿನ ವ್ಯಾಪಾರ ಹೋಯ್ತು ಸರ್."

ಕೆಲಸದ ಮಾತು ಮುಗಿಯಿತು. ಜಗದೀಶರು ಎದ್ದರು, ಮೆಟ್ಟಿಲವರೆಗೆ ಹೋದರು. ಅಲ್ಲಿ ನಿಂತು, ಬನದ ಕಡೆ ನೋಡುತ್ತಾ ಹೇಳಿದರು:

"ಗುರುವಾರ ಬೇಗ ಬನ್ನಿ."

"ಕೇಬಲ್ ಎಳೀಲಿಕ್ಕಾ?" ಕೇಳಿದರು ವಸಂತಣ್ಣ.

"ಅಲ್ಲ."

"ಡಿಶ್ ಕೇಳ್ಲಿಕ್ಕೆ ಬಂದದ್ದಾ, ಕರೀಲಿಕ್ಕೆ ಬಂದದ್ದಾ? ಒಂದು ಸರಿಯಾಗಿ ಹೇಳು ಮಾರಾಯ."

ಆಗ ಗುಲಾಬಿಯಕ್ಕ ಬಾಗಿಲಿಗೆ ಬಂದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಎಲೆಗಳನ್ನು ಒರೆಸಿ ಜೋಡಿಸಿಟ್ಟಿದ್ದರು. ಯಾವಾಗಿನಿಂದ ಸಿದ್ಧವಾಗಿತ್ತೋ. "ಜಗದೀಶ, ಖಾಲಿ ಕೈಯಲ್ಲಿ ಕರೀಬಾರ್ದು," ಎಂದು ತಟ್ಟೆಯನ್ನು ಮುಂದೆ ಚಾಚಿದರು. ಅವರು ಚಾಚಿದ ದಿಕ್ಕು ತುಸು ತಪ್ಪಿತ್ತು, ವಸಂತಣ್ಣನ ಕಡೆ ಹೋಗಿತ್ತು. ವಸಂತಣ್ಣ ತಾಯಿಯ ಕೈಯನ್ನು ಮೆಲ್ಲನೆ ಹಿಡಿದು ತಮ್ಮನ ಕಡೆಗೆ ತಿರುಗಿಸಿದರು. ಜಗದೀಶರು ತಟ್ಟೆ ತೆಗೆದುಕೊಂಡು, ಅಣ್ಣನಿಗೆ ಕೊಟ್ಟು, ಕಾಲು ಮುಟ್ಟಿದರು. ನಾನೂ ಲಾರೆನ್ಸನೂ ಡಿಶ್ ನೋಡುವ ನೆಪದಲ್ಲಿ ಅಂಗಳಕ್ಕೆ ಇಳಿದೆವು.

ಕೇಬಲ್ ಎಳೆದದ್ದು ಬುಧವಾರ. ಬನದ ಮೇಲಿನಿಂದ ಹಾಯಿಸಿದರೆ ಹತ್ತಿರವಾಗುತ್ತಿತ್ತು. ವಸಂತಣ್ಣ ಒಪ್ಪಲಿಲ್ಲ, ಜಗದೀಶರೂ ಒಪ್ಪಲಿಲ್ಲ. ಇಬ್ಬರೂ ಒಂದೇ ಸಲಕ್ಕೆ "ಬೇಡ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಬಾವಿಯ ಬದಿಯಿಂದ ಬಳಸಿ ತಂದೆವು. ಬನದ ಕಲ್ಲುಕಟ್ಟೆಯ ಹತ್ತಿರ ಬಂದಾಗ ಲಾರೆನ್ಸ್ ತಾನಾಗಿಯೇ ಚಪ್ಪಲಿ ಬಿಚ್ಚಿಟ್ಟ. ಕೇಬಲ್ಲಿನ ಸುರುಳಿಯನ್ನು ಒಂದು ಕಡೆ ಅಣ್ಣ, ಇನ್ನೊಂದು ಕಡೆ ತಮ್ಮ ಹಿಡಿದಿದ್ದರು. ಮಾತು ಹೆಚ್ಚಿರಲಿಲ್ಲ. ಇದ್ದದ್ದು "ಸಡಿಲು ಬಿಡು", "ಅಲ್ಲಿ ಕಲ್ಲು ಉಂಟು" ಎಂಬಷ್ಟೆ. ಗುರುವಾರದ ಊಟಕ್ಕೆ ನಾನೂ ಹೋಗಿದ್ದೆ. ವಸಂತಣ್ಣ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದರು. ಮನೆಯವರು ಬಡಿಸುತ್ತಾರೆ, ನೆಂಟರು ಕೂರುತ್ತಾರೆ.

ಇದರಿಂದ ಎಲ್ಲವೂ ಸರಿಯಾಯಿತು ಎಂದು ಬರೆದರೆ ತಪ್ಪಾಗುತ್ತದೆ. ದಾರಿಯ ತಕರಾರು ಇನ್ನೂ ತೀರಿಲ್ಲ ಎಂದು ಕೇಳಿದ್ದೇನೆ. ಆದರೆ ಆ ಮಳೆಗಾಲದಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಜೋರು ಮಳೆ ಬಂದರೆ ಡಿಶ್ಶಿನ ಸಿಗ್ನಲ್ ಹೋಗುತ್ತದೆ. ದಟ್ಟ ಮೋಡ ಮತ್ತು ನೀರಿನ ಹನಿಗಳು ಅಲೆಗಳನ್ನು ಹೀರಿಕೊಳ್ಳುತ್ತವೆ. ಎಲ್ಲ ಮನೆಗಳಿಂದಲೂ ನನಗೆ ಫೋನು ಬರುತ್ತದೆ. ಈ ಎರಡು ಮನೆಗಳಿಂದ ಬರುತ್ತಿರಲಿಲ್ಲ. ರಿಪೇರಿಗೆ ಬೇರೆ ಯಾರನ್ನಾದರೂ ಕರೆಯುತ್ತಿದ್ದಾರೋ ಏನೋ ಎಂದು ಒಮ್ಮೆ ನಾನೇ ಫೋನು ಮಾಡಿ ವಿಚಾರಿಸಿದೆ.

"ನಿಮಗೆ ಯಾಕೆ ಫೋನು ಮಾಡ್ಬೇಕು ಸರ್?" ಎಂದರು ಜಗದೀಶರು. "ಟಿವಿ ಹೋದ ಕೂಡ್ಲೇ ಅಣ್ಣನಿಗೆ ಫೋನು ಮಾಡುದು, ಅಲ್ಲಿ ಬರ್ತಾ ಉಂಟಾ ಅಂತ. ಅಲ್ಲಿಯೂ ಇಲ್ಲ ಅಂದ್ರೆ ಮಳೆ. ಅಲ್ಲಿ ಉಂಟು ಅಂದ್ರೆ ನಮ್ಮ ಕೇಬಲ್ಲು. ಆಗ ಅವರೇ ಬಂದು ನೋಡ್ತಾರೆ. ಕೆಲವು ಸಲ ಮೊದಲು ಅವರದ್ದೇ ಫೋನು ಬರ್ತದೆ."

ವೇಣೂರಿನ ಕಡೆ ಆ ವರ್ಷ ಮಳೆ ಜೋರಾಗಿಯೇ ಇತ್ತು.

ಎರಡು ವರ್ಷದ ನಂತರ, ಬೇರೆ ಕೆಲಸಕ್ಕೆ ಆ ಕಡೆ ಹೋದಾಗ, ಹೊಸ ಮನೆಯಲ್ಲಿದ್ದ ಗುಲಾಬಿಯಕ್ಕನನ್ನು ಕಂಡು ಆ ದಿನದ ಮಾತು ತೆಗೆದೆ. ನಾನು ಹೇಳದೆ ಉಳಿದದ್ದು ಸರಿಯಾಯಿತೇ ಎಂದು ಕೇಳಬೇಕಿತ್ತು.

"ಯಾವುದನ್ನು ಹೇಳದೆ?" ಎಂದರು.

"ಆ ಇನ್ನೊಂದು ರಿಮೋಟು ನಿಮಗೆ ಆಗ್ತದೆ ಅಂತ."

"ಅದು ನನಗೆ ಎಲ್ಲಿ ಆಯ್ತು ಮಾಸ್ಟ್ರೇ? ಆ ಗುಂಡಿಗಳೆಲ್ಲ ಒತ್ತೊತ್ತಾಗಿ ಇದ್ದವಲ್ಲ. ನನಗೆ ಆಗ್ಲೇ ಇಲ್ಲ."

ಅವರ ಮುಖದಲ್ಲಿ ನಗುವಿದೆಯೇ ಎಂದು ನೋಡಿದೆ. ಇರಲಿಲ್ಲ, ಅಥವಾ ನನಗೆ ಕಾಣಲಿಲ್ಲ. ಒಂದು ಕ್ಷಣ ನನಗೇ ಸಂಶಯ ಬಂತು. ಅವರ ಬೆರಳು ಒಂದೂ ತಪ್ಪದೆ ಗುಂಡಿ ಒತ್ತಿದ್ದನ್ನು ನಾನು ಕಂಡಿದ್ದೇನೆ ಎಂದು ಇಂದಿಗೂ ಹೇಳಬಲ್ಲೆ. ಪ್ರಮಾಣ ಮಾಡು ಎಂದರೆ ಮಾತ್ರ ಸ್ವಲ್ಪ ಯೋಚಿಸುತ್ತೇನೆ.

ಈಗ ನಾನು ಅಂಗಡಿಯನ್ನು ಲಾರೆನ್ಸ್‌ಗೆ ಬಿಟ್ಟುಕೊಟ್ಟಿದ್ದೇನೆ. ಜನ ಮೊಬೈಲಿನಲ್ಲೇ ಎಲ್ಲವನ್ನೂ ನೋಡುತ್ತಾರೆ, ಡಿಶ್ ಕೇಳಿ ಬರುವವರು ಕಡಿಮೆ. ಆದರೂ ಪರಿಚಯದವರು ಮನೆ ಕಟ್ಟಿದಾಗ ಯಾವ ಕಂಪನಿ ಒಳ್ಳೆಯದು ಎಂದು ಫೋನು ಮಾಡುತ್ತಾರೆ. ಭಾಷೆ, ಆಕಾಶ, ರಿಪೇರಿಯವರು ಎಂಬ ನನ್ನ ಹಳೆಯ ಮೂರು ಪ್ರಶ್ನೆಗಳನ್ನು ಈಗಲೂ ಕೇಳುತ್ತೇನೆ. ಆ ಮನೆಯ ಕೆಲಸ ಆದ ಮೇಲೆ ಅವುಗಳಿಗಿಂತ ಮೊದಲು ಕೇಳಲು ಕಲಿತ ಪ್ರಶ್ನೆ ಬೇರೆ. ಕೆಲವರಿಗೆ ಅದು ವಿಚಿತ್ರವೆನಿಸುತ್ತದೆ, ಕೆಲವರು ಯೋಚಿಸಿ ಹೇಳುತ್ತೇನೆ ಎಂದು ಫೋನಿಡುತ್ತಾರೆ. ಟಿವಿ ನಿಂತುಹೋದ ದಿನ ನೀವು ಮೊದಲು ಯಾರನ್ನು ಕರೆಯುತ್ತೀರಿ ಎಂದು ಕೇಳುತ್ತೇನೆ. ಅದಕ್ಕೆ ಒಂದು ಹೆಸರು ಹೇಳಲು ಸಾಧ್ಯವಾದರೆ, ಕಂಪನಿ ಯಾವುದಾದರೂ ನಡೆಯುತ್ತದೆ.